ನನ್ನ ಚೆಂಡು

ಗೋಲು ಹೊಡೆದವರ ಹೆಸರು ಮರುದಿನ ಮರಾಠಿ ಪೇಪರಿನಲ್ಲಿ ಬರುತ್ತಿತ್ತು,
ಎಷ್ಟನೇ ನಿಮಿಷ ಎಂಬುದರ ಸಮೇತ.
ಗುರುಪಾದ ಹತ್ತೂರೆ ತಡೆದದ್ದು ಬರುತ್ತಿರಲಿಲ್ಲ.
ಆಗದೇ ಹೋದದ್ದಕ್ಕೆ ನಿಮಿಷವೆಲ್ಲಿ?

ಆದರೆ ಸೊಲ್ಲಾಪುರಕ್ಕೆ ಗೊತ್ತಿತ್ತು.
ಹದಿನಾಲ್ಕು ವರ್ಷ ಗಿರಣಿ ಟೀಮಿನ ಫುಲ್‌ಬ್ಯಾಕ್,
ಮಂದಿ ಇಟ್ಟ ಹೆಸರು ಅಗಳಿ.
ಮೊದಲ ಪಾಳಿ ಬಿಟ್ಟವರು ತಲೆಯ ಮೇಲಿನ ಹತ್ತಿ ಧೂಳನ್ನೂ ಕೊಡವದೆ
ಬಾಯ್ಲರ್ ಮನೆಯ ಗೋಡೆ ಹತ್ತಿ ಕೂಗುತ್ತಿದ್ದರಂತೆ:
"ಅಗಳಿ ಬಿದ್ದದ, ಇನ್ನ ಮನಿಗಿ ಹೋಗ್ರಪಾ!"
ನಮ್ಮಪ್ಪ ಆ ಗೋಡೆಯ ಮೇಲಿದ್ದವನು.
ಅವನು ಹೇಳಿದಷ್ಟು ಸಲವೂ
ಚೆಂಡು ಇನ್ನೊಂದಿಷ್ಟು ಜೋರಾಗಿ ಬರುತ್ತಿತ್ತು.

ಒಂದು ಬೆಳಿಗ್ಗೆ ಗಿರಣಿಯ ಭೋಂಗಾ ಊದಲಿಲ್ಲ.
ಟೀಮಿನವರಿಗೆ ಸಿಕ್ಕಿದ್ದು ಎರಡೆರಡು ಚಾದರ, ತಲೆಗೊಂದು ಸ್ಟಿಕ್ಕು,
ಬಾಕಿ ಪಗಾರದ ಚೀಟಿ.
ಫಾರ್ವರ್ಡ್ ಆಡುವವರನ್ನು ರೈಲ್ವೆಯವರು ಕರೆದುಕೊಂಡರು.
ಅಗಳಿಯನ್ನು ಯಾರು ಒಯ್ಯುತ್ತಾರೆ, ಬಾಗಿಲೇ ಹೋದ ಮೇಲೆ?

ಹಾಗೆ ಬಂದರು ನಮ್ಮ ಮುನ್ಸಿಪಾಲ್ಟಿ ಶಾಲೆಗೆ.
ಹದಿನಾರು ಹುಡುಗಿಯರು, ಒಂಬತ್ತು ಸ್ಟಿಕ್ಕು.
ಅರ್ಧ ಜನ ಬೀಡಿ ಕಟ್ಟಿ ಬಂದವರು, ಬೆರಳಲ್ಲಿ ತಂಬಾಕಿನ ವಾಸನೆ.
ಮೊದಲ ದಿನ ಚೆಂಡನ್ನೇ ಕೊಡಲಿಲ್ಲ.
ಪ್ಯಾಂಟು ಮಡಚಿ ಮೊಣಕಾಲ ಕೆಳಗಿನ ಎಲುಬು ತೋರಿಸಿದರು:
ಲಿಂಬೆಹಣ್ಣು ಕೂರುವಷ್ಟು ಗುಳಿ.
"ಚೆಂಡ ನೋಡಕೋತ ನಿಂತಿದ್ದಕ್ಕ ಆಗಿದ್ದಿದು.
ಚೆಂಡ ಸುಳ್ಳ ಹೇಳತದ. ಕಣ್ಣೂ ಸುಳ್ಳ ಹೇಳತಾವ.
ಬರಾಕಿ ಸೊಂಟ ನೋಡ್ರಿ. ಸೊಂಟಕ್ಕ ಸುಳ್ಳ ಬರಂಗಿಲ್ಲ."
ನಾವು ಬಾಯಿಗೆ ಓಢಣಿ ಒತ್ತಿಕೊಂಡು ನಕ್ಕೆವು.
ಯಾಕೆಂದು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಪಂಢರಪುರದಲ್ಲಿ ಸೆಮಿಫೈನಲ್, ದಸರೆ ಮುಂದಿನ ಬಿಸಿಲು.
ಒಂದಕ್ಕೊಂದು. ಉಳಿದದ್ದು ಮೂರು ನಿಮಿಷ.
ಗೋಲ್‌ಕೀಪರ್ ಶಬಾನಾ ಬಿದ್ದಿದ್ದಾಳೆ,
ಹಲಗೆಯ ಮುಂದೆ ನಾನೊಬ್ಬಳೇ.
ಆ ಹುಡುಗಿಯ ಸೊಂಟ ಬಲಕ್ಕೆ ಹೊರಳಿತು, ಕಂಡೆ,
ಸ್ಟಿಕ್ಕು ಇಳಿಸಿದೆ.
ಅದಕ್ಕಿಂತ ಒಂದು ಗೇಣು ಮುಂದೆ
ಒಂದು ಕರೀ ಕೊಡೆ ಚೆಂಡನ್ನು ತಡೆಯಿತು.

ಸುಣ್ಣದ ಗೆರೆ ದಾಟಿ, ಒಂದು ಚಪ್ಪಲಿ ಕಳಕೊಂಡು
ಹತ್ತೂರೆ ಸರ್ ಬಾಗಿ ನಿಂತಿದ್ದಾರೆ.
ಐವತ್ತೆರಡರ ವಯಸ್ಸಿನಲ್ಲಿ ಎಷ್ಟು ಅಚ್ಚುಕಟ್ಟಾದ ತಡೆ!
ಮಂದಿ ಚಪ್ಪಾಳೆ ಹೊಡೆದರು, ಆಮೇಲೆ ನಕ್ಕರು.
ಅಂಪೈರ್ ಕೆಂಪು ಕಾರ್ಡು ತೆಗೆದು
ಯಾರಿಗೆ ತೋರಿಸುವುದೆಂದು ಕ್ಷಣ ಪೇಚಾಡಿ
ಕೊಡೆಗೆ ತೋರಿಸಿದ.
ಪೆನಾಲ್ಟಿ ಸ್ಟ್ರೋಕ್. ಒಂದಕ್ಕೆರಡು. ಮುಗಿಯಿತು.

ಬಸ್ಸಿನಲ್ಲಿ ಯಾರದೂ ಮಾತಿಲ್ಲ.
ಮೊಹೋಳ ದಾಟಿದ ಮೇಲೆ ನಾನೇ ಎದ್ದು ಹೋದೆ:
"ಸರ್, ನೀವ್ಯಾಕ ತಡದ್ರಿ? ಅದು ನನ್ನ ಚೆಂಡ ಇತ್ತು."
ಸೊಟ್ಟಗಾದ ಕಡ್ಡಿಗಳನ್ನು ಒಂದೊಂದೇ ನೆಟ್ಟಗೆ ಮಾಡುತ್ತಿದ್ದರು.
"ನನಗ ಗೊತ್ತದ ಸುಗಲಾ," ಎಂದರು,
"ಕಾಲಿಗಿ ಗೊತ್ತಿದ್ದಿಲ್ಲ."

ಮುಂದಿನ ವರ್ಷದಿಂದ, ಸೀಟಿ ಊದಿದರೆ ಸಾಕು,
ಕುರ್ಚಿ ತಿರುಗಿಸಿ ಮೈದಾನಕ್ಕೆ ಬೆನ್ನು ಹಾಕಿ ಕೂತುಬಿಡುತ್ತಿದ್ದರು,
ಬೇಲಿಯಾಚೆ ಕಟ್ಟಿದ ಯಾರದೋ ಎಮ್ಮೆಯನ್ನು ನೋಡುತ್ತ.
ಇದೇನು ವ್ರತವೇ ಎಂದು ಬೇರೆ ಊರಿನವರು ಕೇಳುತ್ತಿದ್ದರು.
ಒಂಬತ್ತು ವರ್ಷ ಕಿವಿಯಲ್ಲೇ ಆಡಿಸಿದರು.
ಬಲಗಾಲು ಮಾತ್ರ, ಕುರ್ಚಿಯ ಕೆಳಗೆ,
ಪ್ರತಿ ಹೊಡೆತಕ್ಕೂ ಒಂದಿಂಚು ಜರುಗುತ್ತಿತ್ತು.
ಅವರೆದ್ದು ಹೋದ ಮೇಲೆ ಮಣ್ಣಲ್ಲಿ ಒಂದು ಸಣ್ಣ ಕಾಲುವೆ.

ಎರಡು ಸಲ ರಾಜ್ಯ ಗೆದ್ದೆವು. ಅವರು ನೋಡಿಲ್ಲ.

ಎರಡನೆಯದು ನಾಸಿಕದಲ್ಲಿ, ಕೊನೆಯ ಕಾರ್ನರ್.
ಬಂತು. ಹಿಂದಿನ ಹಲಗೆ ಸದ್ದು ಮಾಡಲಿಲ್ಲ.
ಹುಡುಗಿಯರು ಕುಣಿಯುತ್ತಿದ್ದಾರೆ, ನಾನು ಕುರ್ಚಿ ಸುತ್ತಿ ಹೋಗಿ
ಅವರೆದುರು ನಿಂತೆ. ಅವತ್ತು ಎಮ್ಮೆ ಇರಲಿಲ್ಲ, ನೀರಿನ ಟ್ಯಾಂಕರ್.
ತಲೆ ಎತ್ತಲಿಲ್ಲ. ಕೈ ಚಾಚಿ ಸ್ಟಿಕ್ಕು ಇಸಕೊಂಡರು,
ಬುಡದ ಬಾಗಿನಲ್ಲಿ ಉಗುರಾಡಿಸಿದರು.
"ಸೀಳೇದ. ಕಡೀ ಹೊಡತಕ್ಕ ಆವಾಜ ಬ್ಯಾರೆ ಬಂತು.
ಟೇಪ ಸುತ್ತು."